ಬೆಟ್ಟದ ಮಕ್ಕಳು ಮತ್ತು ಅಯೋಡಿನ್ ಉಪ್ಪು

ಕಳೆದ ವರ್ಷ ಕೆಲಸದ ಮೇಲೆ ತಿರುವನಂತಪುರಕ್ಕೆ ಹೋಗಿದ್ದೆ. ತುಂಬದ ಹತ್ತಿರ ಗೆಳೆಯನ ಮನೆಯಲ್ಲಿ ಎರಡು ದಿನ ಉಳಿದೆ. ತುಂಬ ಅಂದ ಕೂಡಲೇ ನಮಗೆ ನೆನಪಾಗುವುದು ರಾಕೆಟ್. 1963ರ ನವೆಂಬರ್ 21ರಂದು ನಮ್ಮ ದೇಶದ ನೆಲದಿಂದ ಮೊದಲ ರಾಕೆಟ್ ಹಾರಿದ್ದು ಈ ಮೀನುಗಾರರ ಊರಿಂದಲೇ. ಆದರೆ ನಾನು ಇಲ್ಲಿ ಹೇಳಲು ಹೊರಟಿರುವುದು ಆ ಮನೆಯ ಅಡುಗೆಕೋಣೆಯಲ್ಲಿ ಎದ್ದ ಒಂದು ಪ್ರಶ್ನೆಯ ವಿಷಯ.

ಗೆಳೆಯನ ತಂಗಿಯನ್ನು ಇಡುಕ್ಕಿಯ ಮಲೆಗೆ ಮದುವೆ ಮಾಡಿ ಕೊಟ್ಟಿದ್ದಾರೆ. ಏಲಕ್ಕಿ ತೋಟದ ನಡುವೆ ಮನೆ. ಆರು ವರ್ಷದ ಮಗನಿದ್ದಾನೆ, ಆಗ ಅವಳು ಮತ್ತೆ ಮೂರು ತಿಂಗಳ ಬಸುರಿ. ನಾನು ಹೊರಡುವ ದಿನ ಬೆಳಿಗ್ಗೆ ಗೆಳೆಯನ ಉಮ್ಮ ಮಗಳಿಗೆ ಕಳಿಸಲು ಗಂಟು ಕಟ್ಟುತ್ತಿದ್ದರು. ಒಣಮೀನು, ತೆಂಗಿನೆಣ್ಣೆ, ಒಣಗಿಸಿದ ಮರಗೆಣಸು, ಅದರ ಜೊತೆ ಐದು ಕಿಲೋ ಕಲ್ಲುಪ್ಪು.

"ಉಮ್ಮ, ಉಪ್ಪು ಅಲ್ಲಿನ ಅಂಗಡಿಯಲ್ಲಿ ಸಿಗೋದಿಲ್ವಾ?" ಅಂತ ಕೇಳಿದೆ.

"ಸಿಗ್ತದೆ ಮೋನೇ. ಆದರೆ ಅದು ಪ್ಯಾಕೆಟಿನದ್ದು, ಏನೇನೋ ಹಾಕಿರ್ತಾರೆ. ಇದು ಕಡಲಿನದ್ದು, ಶುದ್ಧ. ಬೆಟ್ಟದಲ್ಲಿ ಅಯೋಡಿನ್ ಇಲ್ಲ ಅಂತ ಟೀವಿಯಲ್ಲೂ ಹೇಳ್ತಾರಲ್ಲ? ಅದಕ್ಕೇ ಕಡಲಿನ ಉಪ್ಪು ಕಳಿಸ್ತಾ ಇದ್ದೇನೆ."

ಉಮ್ಮ ಹೇಳಿದ್ದರಲ್ಲಿ ಅರ್ಧ ನಿಜ. ಬೆಟ್ಟದ ಮಣ್ಣಿನಲ್ಲಿ ಅಯೋಡಿನ್ ಕಡಿಮೆ, ಕಡಲಿನಲ್ಲಿ ಅಯೋಡಿನ್ ಇದೆ, ಎರಡೂ ಸರಿ. ಆದರೆ ಕಡಲಿನ ಉಪ್ಪಿನಲ್ಲಿ ಅಯೋಡಿನ್ ಇದೆ ಎಂಬುದು ಮಾತ್ರ ತಪ್ಪು. ಈ ಒಂದು ತಪ್ಪು ತಿಳುವಳಿಕೆ ನಮ್ಮ ಕರಾವಳಿಯ ಮನೆಗಳಲ್ಲೂ ಇದೆ. ಅದರ ಬೆಲೆ ತೆರುವವರು ಮಾತ್ರ ಮಾತು ಬಾರದ ಮಕ್ಕಳು, ಇನ್ನೂ ಹುಟ್ಟದ ಮಕ್ಕಳು.

ಅಯೋಡಿನ್ ಎಷ್ಟು ಬೇಕು, ಯಾಕೆ ಬೇಕು?

ನಮ್ಮ ಕತ್ತಿನ ಮುಂಭಾಗದಲ್ಲಿ, ಗಂಟಲ ಗುಳಿಗಿಂತ ಸ್ವಲ್ಪ ಮೇಲೆ, ಚಿಟ್ಟೆಯ ರೆಕ್ಕೆಯಾಕಾರದ ಒಂದು ಗ್ರಂಥಿ ಇದೆ. ಅದೇ ಥೈರಾಯ್ಡ್. ದೇಹದ ಶಾಖ, ಎದೆಬಡಿತ, ಎಲುಬಿನ ಬೆಳವಣಿಗೆ, ಎಲ್ಲಕ್ಕಿಂತ ಹೆಚ್ಚಾಗಿ ಮೆದುಳಿನ ಬೆಳವಣಿಗೆ ಈ ಗ್ರಂಥಿ ಸುರಿಸುವ ಹಾರ್ಮೋನಿನಿಂದ ನಡೆಯುತ್ತದೆ. ಆ ಹಾರ್ಮೋನು ತಯಾರಾಗಲು ಅಯೋಡಿನ್ ಬೇಕೇ ಬೇಕು. ಬೇರೆ ಯಾವುದೂ ಅದರ ಜಾಗ ತುಂಬಲಾರದು. ದೇಹ ತಾನಾಗಿ ಅದನ್ನು ತಯಾರಿಸಲೂ ಆರದು.

ಬೇಕಾದದ್ದು ಎಷ್ಟು ಗೊತ್ತಾ? ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಂತೆ ಐದು ವರ್ಷದೊಳಗಿನ ಮಗುವಿಗೆ ದಿನಕ್ಕೆ 90 ಮೈಕ್ರೋಗ್ರಾಂ, 6ರಿಂದ 12 ವರ್ಷದ ಮಗುವಿಗೆ 120, ದೊಡ್ಡವರಿಗೆ 150, ಬಸುರಿ ಬಾಣಂತಿಯರಿಗೆ 250. ಒಂದು ಗ್ರಾಮನ್ನು ಹತ್ತು ಲಕ್ಷ ಪಾಲು ಮಾಡಿದರೆ ಒಂದು ಪಾಲು ಒಂದು ಮೈಕ್ರೋಗ್ರಾಂ. ಎಪ್ಪತ್ತು ವರ್ಷ ಬದುಕುವ ಮನುಷ್ಯನಿಗೆ ಇಡೀ ಜೀವಮಾನಕ್ಕೆ ಸಾಕಾಗುವ ಅಯೋಡಿನ್ ಒಂದು ಸಣ್ಣ ಚಮಚದಲ್ಲಿ ಹಿಡಿಯುತ್ತದೆ. ಆದರೆ ಆ ಚಮಚವನ್ನು ಒಂದೇ ದಿನ ಕುಡಿಸಿ ಮುಗಿಸುವಂತಿಲ್ಲ. ದೇಹ ಅದನ್ನು ಬಹುಕಾಲ ಕೂಡಿಡುವುದಿಲ್ಲ, ದಿನಾ ಸ್ವಲ್ಪ ಸ್ವಲ್ಪ ಸಿಗುತ್ತಲೇ ಇರಬೇಕು.

ಸಿಗದಿದ್ದರೆ? ಹಾರ್ಮೋನು ಕಡಿಮೆಯಾದದ್ದು ಮೆದುಳಿನ ಬುಡದ ಪಿಟ್ಯುಟರಿ ಗ್ರಂಥಿಗೆ ತಿಳಿಯುತ್ತದೆ. ಅದು "ಇನ್ನೂ ಕೆಲಸ ಮಾಡು" ಅಂತ ಥೈರಾಯ್ಡಿಗೆ ಒತ್ತಾಯ ಹೇರುತ್ತದೆ. ಕಚ್ಚಾವಸ್ತು ಇಲ್ಲದೆಯೂ ದುಡಿಯಲು ಹೆಣಗುವ ಗ್ರಂಥಿ ಊದಿಕೊಳ್ಳುತ್ತದೆ. ಕತ್ತಿನಲ್ಲಿ ಗಡ್ಡೆ ಕಾಣಿಸುತ್ತದೆ. ಇದನ್ನೇ ಗಳಗಂಡ ಅಥವಾ ಗಾಯಿಟರ್ ಅನ್ನುತ್ತೇವೆ.

ನಾನು ಚಿಕ್ಕವನಿದ್ದಾಗ ಘಟ್ಟದ ತಪ್ಪಲಿನ ಅಜ್ಜಿಮನೆಗೆ ಅಡಿಕೆ ಸುಲಿಯಲು ಒಬ್ಬ ಹೆಂಗಸು ಬರುತ್ತಿದ್ದರು. ಸೆರಗನ್ನು ಯಾವಾಗಲೂ ಕತ್ತಿಗೆ ಸುತ್ತಿಕೊಂಡೇ ಇರುತ್ತಿದ್ದರು. ಮಕ್ಕಳಾದ ನಾವು ಸೆರಗು ಜಾರುವುದನ್ನೇ ಕಾಯುತ್ತಿದ್ದೆವು. ಅದನ್ನು ನೆನೆದರೆ ಈಗ ನಾಚಿಕೆಯಾಗುತ್ತದೆ. ಅವರ ಕತ್ತಿನ ಗಡ್ಡೆ ಎಲ್ಲರಿಗೂ ಕಾಣುತ್ತಿತ್ತು. ಆದರೆ ಅಯೋಡಿನ್ ಕೊರತೆ ಮಾಡುವ ದೊಡ್ಡ ಕೇಡು ಕಾಣುವಂಥದ್ದೇ ಅಲ್ಲ.

ಕಾಣದ ಕೇಡು

ತಾಯಿಯ ಹೊಟ್ಟೆಯಲ್ಲಿರುವ ಮಗುವಿನ ಮೆದುಳು ಮೊದಲ ತಿಂಗಳುಗಳಲ್ಲೇ ಕಟ್ಟಲು ಶುರುವಾಗುತ್ತದೆ. ಆಗ ಮಗುವಿನ ಸ್ವಂತ ಥೈರಾಯ್ಡ್ ಕೆಲಸಕ್ಕೆ ಬಂದಿರುವುದಿಲ್ಲ. ಅದು ಸರಿಯಾಗಿ ಹಾರ್ಮೋನು ಸುರಿಸಲು ಹೆಚ್ಚುಕಡಿಮೆ ಅರ್ಧ ಗರ್ಭಕಾಲ ಕಳೆಯಬೇಕು. ಅಲ್ಲಿಯವರೆಗೆ ತಾಯಿಯ ಹಾರ್ಮೋನೇ ಆಧಾರ. ತಾಯಿಗೆ ಅಯೋಡಿನ್ ತೀರಾ ಕಡಿಮೆಯಾದರೆ ಗರ್ಭಪಾತ, ಸತ್ತು ಹುಟ್ಟುವ ಮಗು, ಕಿವಿ ಕೇಳದ ಮಾತು ಬಾರದ ಮಗು, ಬುದ್ಧಿ ಬೆಳವಣಿಗೆ ಕುಂಠಿತವಾದ ಮಗು, ಇಷ್ಟೆಲ್ಲ ಆಗಬಹುದು. ಹುಟ್ಟಿದ ಮೇಲೆ ಎಷ್ಟು ಅಯೋಡಿನ್ ಕೊಟ್ಟರೂ ಆಗ ತಪ್ಪಿದ್ದು ಪೂರ್ತಿ ಮರಳಿ ಬರುವುದಿಲ್ಲ.

ಇಂಥ ತೀವ್ರ ಪ್ರಕರಣಗಳು ಕಡಿಮೆ. ಹೆಚ್ಚಿನವು ಮಧ್ಯದಲ್ಲಿರುತ್ತವೆ. ಮಗು ನಡೆಯುತ್ತದೆ, ಮಾತಾಡುತ್ತದೆ, ಶಾಲೆಗೂ ಹೋಗುತ್ತದೆ. ಆದರೆ ಪಾಠ ತಲೆಗೆ ಹತ್ತುವುದು ನಿಧಾನ. ಬೇಗ ಸುಸ್ತಾಗುತ್ತದೆ. ಎತ್ತರವೂ ಸ್ವಲ್ಪ ಕಡಿಮೆ. ತೀವ್ರ ಕೊರತೆ ಇರುವ ಊರಿನ ಮಕ್ಕಳನ್ನು ಕೊರತೆ ಇಲ್ಲದ ಊರಿನ ಮಕ್ಕಳೊಂದಿಗೆ ಹೋಲಿಸಿದ ಅಧ್ಯಯನಗಳನ್ನೆಲ್ಲ ಒಟ್ಟು ಸೇರಿಸಿ ನೋಡಿದಾಗ ಬುದ್ಧಿಮತ್ತೆಯ ಅಂಕದಲ್ಲಿ ಸರಾಸರಿ 13ರ ಆಸುಪಾಸು ವ್ಯತ್ಯಾಸ ಕಂಡಿದೆ. ಆ ಮಗುವಿಗೆ ಮೇಷ್ಟ್ರು "ದಡ್ಡ" ಅನ್ನುತ್ತಾರೆ, ಮನೆಯವರು "ಸೋಮಾರಿ" ಅನ್ನುತ್ತಾರೆ. ಒಂದು ಊರಿನ ಮಕ್ಕಳೆಲ್ಲ ಹೀಗೇ ಇದ್ದರೆ "ಆ ಗುಡ್ಡದವರು ಇರುವುದೇ ಹಾಗೆ" ಅಂತ ಇಡೀ ಸಮುದಾಯಕ್ಕೇ ಹೆಸರಿಡುತ್ತಾರೆ. ಕಾರಣ ಉಪ್ಪಿನ ಭರಣಿಯಲ್ಲಿರಬಹುದು ಅಂತ ಯಾರೂ ಯೋಚಿಸುವುದಿಲ್ಲ.

ಬೆಟ್ಟದಲ್ಲಿ ಯಾಕೆ ಕಡಿಮೆ?

ಭೂಮಿಯ ಮೇಲಿನ ಅಯೋಡಿನ್‌ನ ದೊಡ್ಡ ಪಾಲು ಇರುವುದು ಕಡಲಲ್ಲಿ. ಅಲ್ಲಿಂದ ಆವಿಯಾಗಿ ಮೇಲೇರಿ, ಮಳೆಯೊಂದಿಗೆ ನೆಲಕ್ಕೆ ಬೀಳುತ್ತದೆ. ಆದರೆ ಹೀಗೆ ಮರಳಿ ಬರುವುದು ಬಹಳ ನಿಧಾನ, ಬರುವುದೂ ಅತ್ಯಲ್ಪ. ಹೋಗುವುದು ಮಾತ್ರ ವೇಗ. ಹಿಮಾಲಯ, ಆಲ್ಪ್ಸ್‌ನಂಥ ಕಡೆ ಸಾವಿರಾರು ವರ್ಷ ಹಿಮನದಿಗಳು ಮೇಲ್ಮಣ್ಣನ್ನೇ ಕೆರೆದು ಒಯ್ದಿವೆ. ನಮ್ಮ ಪಶ್ಚಿಮ ಘಟ್ಟದಲ್ಲಿ ಹಿಮನದಿ ಇಲ್ಲ, ಅದರ ಬದಲು ಮಳೆ ಇದೆ. ಕಡಿದಾದ ಇಳಿಜಾರಿನಲ್ಲಿ ಸುರಿಯುವ ಮಳೆ ಮಣ್ಣಿನ ಸಾರವನ್ನು ತೊಳೆದು ಹೊಳೆಗೆ, ಹೊಳೆಯಿಂದ ಕಡಲಿಗೆ ಸೇರಿಸುತ್ತದೆ. ಪ್ರವಾಹ ಬರುವ ನದಿ ಬಯಲುಗಳದ್ದೂ ಇದೇ ಕತೆ.

ಮಣ್ಣಿನಲ್ಲಿಲ್ಲದ್ದು ಅಕ್ಕಿಯಲ್ಲಿ ಬರುವುದಿಲ್ಲ, ತರಕಾರಿಯಲ್ಲಿ ಬರುವುದಿಲ್ಲ. ಆ ಹುಲ್ಲು ಮೇಯುವ ದನದ ಹಾಲಿನಲ್ಲೂ ಕಡಿಮೆ. ತಾನು ಬೆಳೆದದ್ದನ್ನೇ ತಿಂದು ಬದುಕುವ ಬೆಟ್ಟದ ಜನರಿಗೆ ಹೊರಗಿನಿಂದ ಅಯೋಡಿನ್ ಬಾರದೆ ಬೇರೆ ದಾರಿ ಇಲ್ಲ.

ಹಾಗಾದರೆ ಕಡಲ ತಡಿಯವರು ಸುರಕ್ಷಿತರೇ? ಅಲ್ಲ ಅಂತ ನಮ್ಮ ಊರುಗಳೇ ಹೇಳುತ್ತವೆ. ಗಳಗಂಡ ಇರುವ ಜಿಲ್ಲೆಗಳೆಂದು ಗುರುತಿಸಿದವುಗಳಲ್ಲಿ ಕರ್ನಾಟಕದ ಚಿಕ್ಕಮಗಳೂರು, ಕೊಡಗಿನ ಜೊತೆಗೆ ಕಡಲಂಚಿನ ದಕ್ಷಿಣ ಕನ್ನಡವೂ ಇದೆ. ಕೇರಳದಲ್ಲಿ ಕೊಚ್ಚಿ ನಗರವಿರುವ ಎರ್ನಾಕುಲಂ ಜಿಲ್ಲೆಯ ಹೆಸರೂ ಇದೆ. ಕರಾವಳಿ ಕರ್ನಾಟಕದ ಶಾಲಾ ಮಕ್ಕಳ ಬಗ್ಗೆ 2002ರಲ್ಲಿ ಪ್ರಕಟವಾದ ಅಧ್ಯಯನವೊಂದು ಇಲ್ಲಿ ಗಳಗಂಡ ದೊಡ್ಡ ಸಮಸ್ಯೆಯೇ ಎಂದು ತೋರಿಸಿತು. 6ರಿಂದ 12 ವರ್ಷದ ನೂರು ಮಕ್ಕಳಲ್ಲಿ ಐದು ಅಥವಾ ಹೆಚ್ಚು ಮಕ್ಕಳಿಗೆ ಗಳಗಂಡ ಕಂಡರೆ ಅದು ಸಾರ್ವಜನಿಕ ಆರೋಗ್ಯದ ಸಮಸ್ಯೆ ಎಂಬುದು ಒಪ್ಪಿತ ನಿಯಮ. ಕರಾವಳಿ ಆ ಗಡಿಯನ್ನು ದಾಟಿತ್ತು.

ಕಡಲಿನ ಉಪ್ಪಿನಲ್ಲಿ ಯಾಕಿಲ್ಲ?

ಇದು ಶಾಲಾ ಮಕ್ಕಳೂ ಮಾಡಬಹುದಾದ ಲೆಕ್ಕ. ಒಂದು ಲೀಟರ್ ಕಡಲ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪಿನಂಶ ಇರುತ್ತದೆ. ಅಯೋಡಿನ್ ಇರುವುದು ಸುಮಾರು 60 ಮೈಕ್ರೋಗ್ರಾಂ ಮಾತ್ರ. ಆ ನೀರನ್ನು ಉಪ್ಪಿನ ಪಾತಿಯಲ್ಲಿ ಒಣಗಿಸುವಾಗ ಅಯೋಡಿನ್ ಒಂದಿಷ್ಟೂ ಹೋಗದೆ ಉಳಿಯಿತು ಅಂತಲೇ ಇಟ್ಟುಕೊಳ್ಳಿ. ಆಗಲೂ ಒಂದು ಗ್ರಾಂ ಉಪ್ಪಿಗೆ ಎರಡು ಮೈಕ್ರೋಗ್ರಾಂ ಕೂಡ ಬರುವುದಿಲ್ಲ. ದಿನಕ್ಕೆ ಹತ್ತು ಗ್ರಾಂ ಉಪ್ಪು ತಿಂದರೂ ಸಿಗುವುದು 17 ಮೈಕ್ರೋಗ್ರಾಂ. ಬೇಕಾದದ್ದು 150. ನಿಜದಲ್ಲಿ ಒಣಗಿಸುವಾಗ ಇನ್ನಷ್ಟು ಹೋಗುತ್ತದೆ.

ಗೋಕರ್ಣದ ಹತ್ತಿರದ ಸಾಣಿಕಟ್ಟಾದ ಉಪ್ಪಾಗಲಿ, ತೂತ್ತುಕುಡಿಯ ಉಪ್ಪಾಗಲಿ, ಅಯೋಡಿನ್ ಬೆರೆಸದಿದ್ದರೆ ಲೆಕ್ಕ ಒಂದೇ. ಈಗ ಪೇಟೆಯಲ್ಲಿ ದುಬಾರಿ ಬೆಲೆಗೆ ಸಿಗುವ ಗುಲಾಬಿ ಬಣ್ಣದ ಹಿಮಾಲಯದ ಉಪ್ಪು, ಸೈಂಧವ ಲವಣ ಇವೂ ಹಾಗೆಯೇ. ಬಣ್ಣ ಚೆಂದ, ಅಯೋಡಿನ್ ಇಲ್ಲವೆನ್ನುವಷ್ಟು ಕಡಿಮೆ.

ಹಾಗಾದರೆ ಕಡಲಿನ ಅಯೋಡಿನ್ ಎಲ್ಲಿ? ಕಡಲ ಪಾಚಿ ಅದನ್ನು ನೀರಿನಿಂದ ಹೀರಿ ಸಾವಿರಾರು ಪಟ್ಟು ಕೂಡಿಡುತ್ತದೆ. 1811ರಲ್ಲಿ ಫ್ರಾನ್ಸಿನ ಬರ್ನಾರ್ಡ್ ಕೂರ್ತ್ವಾ ಅಯೋಡಿನ್ ಕಂಡುಹಿಡಿದದ್ದು ಕಡಲ ಪಾಚಿಯ ಬೂದಿಯಿಂದಲೇ. ಪಾಚಿ, ಸಿಗಡಿ, ಕಡಲ ಮೀನುಗಳಲ್ಲಿ ಅಯೋಡಿನ್ ಇದೆ. ದಿನಾ ಬೂತಾಯಿ, ಬಂಗುಡೆ ತಿನ್ನುವ ಮನೆಗೆ ಅದು ಒಳ್ಳೆಯ ಸಹಾಯವೇ. ಆದರೆ ಮೀನಿನಿಂದ ಮೀನಿಗೆ ಪ್ರಮಾಣ ಬದಲಾಗುತ್ತದೆ. ಮಳೆಗಾಲದಲ್ಲಿ ದೋಣಿ ಇಳಿಯುವುದಿಲ್ಲ. ಬೆಟ್ಟದ ಹೊಳೆಮೀನಿನಲ್ಲಿ ಅಷ್ಟು ಅಯೋಡಿನ್ ಇಲ್ಲ. ಮಗು ತಿನ್ನುವ ಒಂದು ತುಂಡು ಮೀನನ್ನು ನಂಬಿ ಕೂರಲಾಗದು.

"ನೀರಿನ ದೋಷ" ಎಂಬ ಮಾತು

ನಮ್ಮಲ್ಲಿ ಹಿರಿಯರು "ಆ ಊರಿನ ನೀರು ಆಗಿ ಬರೋದಿಲ್ಲ, ಕತ್ತು ಊದ್ತದೆ" ಅನ್ನುತ್ತಿದ್ದರು. ನಗುವ ಮಾತಲ್ಲ ಇದು. ದೊಡ್ಡ ವಿಜ್ಞಾನಿಯೊಬ್ಬರೂ ಹಾಗೆಯೇ ನಂಬಿದ್ದರು. ಇಪ್ಪತ್ತನೇ ಶತಮಾನದ ಆರಂಭದಲ್ಲಿ ರಾಬರ್ಟ್ ಮೆಕ್ಯಾರಿಸನ್ ಎಂಬ ಬ್ರಿಟಿಷ್ ವೈದ್ಯರು ಗಿಲ್ಗಿಟ್ ಕಣಿವೆಯಲ್ಲಿದ್ದರು. ಒಂದೇ ನೀರಿನ ಹರಿವಿನುದ್ದಕ್ಕೆ ಇದ್ದ ಹಳ್ಳಿಗಳಲ್ಲಿ ಮೇಲಿನ ಹಳ್ಳಿಗಿಂತ ಕೆಳಗಿನ ಹಳ್ಳಿಯಲ್ಲಿ ಗಳಗಂಡ ಹೆಚ್ಚು ಎಂಬುದನ್ನು ಅವರು ಗಮನಿಸಿದರು. ಕೆಳಕ್ಕೆ ಹರಿದಂತೆ ನೀರು ಕೊಳೆಯಾಗುತ್ತಿತ್ತು. ನೀರಿನ ಕೊಳೆಯೇ ಕಾರಣ ಎಂದು ತಿಳಿದ ಅವರು ಆ ಕೊಳೆಯನ್ನು ತಾವೇ ಕುಡಿದೂ ನೋಡಿದರು.

ಇದೇ ಮೆಕ್ಯಾರಿಸನ್ ಮುಂದೆ ನೀಲಗಿರಿಯ ಕೂನೂರಿಗೆ ಬಂದು ಪೌಷ್ಟಿಕಾಂಶ ಸಂಶೋಧನೆಯ ಪ್ರಯೋಗಾಲಯ ಕಟ್ಟಿದರು. ಅದೇ ಬೆಳೆದು ಈಗ ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕಾಂಶ ಸಂಸ್ಥೆಯಾಗಿದೆ. ಅಯೋಡಿನ್ ಕಡಿಮೆ ಇರುವಲ್ಲಿ ಕೊಳೆ ನೀರು ತೊಂದರೆಯನ್ನು ಹೆಚ್ಚಿಸಬಹುದು. ಆದರೆ ಮೂಲ ಕಾರಣ ಅಯೋಡಿನ್ ಕೊರತೆ ಎಂಬುದಕ್ಕೆ ನಮ್ಮ ದೇಶದಲ್ಲೇ ದೊಡ್ಡ ಸಾಕ್ಷಿ ಸಿಕ್ಕಿದ್ದು ಕಾಂಗ್ರಾ ಕಣಿವೆಯಲ್ಲಿ.

ಕಾಂಗ್ರಾದಲ್ಲಿ ನಡೆದದ್ದು

ಈಗ ಹಿಮಾಚಲ ಪ್ರದೇಶದಲ್ಲಿರುವ ಕಾಂಗ್ರಾ ಕಣಿವೆಯಲ್ಲಿ 1956ರಲ್ಲಿ ಡಾ. ವಿ. ರಾಮಲಿಂಗಸ್ವಾಮಿ ಮತ್ತು ಸಂಗಡಿಗರು ಒಂದು ಕೆಲಸ ಆರಂಭಿಸಿದರು. ಸುಮಾರು ಒಂದು ಲಕ್ಷ ಜನರಿರುವ ಪ್ರದೇಶವನ್ನು ಮೂರು ವಲಯ ಮಾಡಿದರು. ಒಂದಕ್ಕೆ ಪೊಟ್ಯಾಸಿಯಂ ಅಯೋಡೈಡ್ ಬೆರೆಸಿದ ಉಪ್ಪು, ಇನ್ನೊಂದಕ್ಕೆ ಪೊಟ್ಯಾಸಿಯಂ ಅಯೋಡೇಟ್ ಬೆರೆಸಿದ ಉಪ್ಪು, ನಡುವಿನದಕ್ಕೆ ಏನೂ ಬೆರೆಸದ ಉಪ್ಪು. ಜನರ ಊಟ, ನೀರು, ಮನೆ ಯಾವುದನ್ನೂ ಬದಲಿಸಲಿಲ್ಲ. ಆರು ವರ್ಷದ ನಂತರ ನೋಡಿದರೆ ಅಯೋಡಿನ್ ಸಿಕ್ಕ ಎರಡೂ ವಲಯದ ಶಾಲಾ ಮಕ್ಕಳಲ್ಲಿ ಗಳಗಂಡ ಅರ್ಧಕ್ಕಿಂತ ಹೆಚ್ಚು ಇಳಿದಿತ್ತು. ಬರೀ ಉಪ್ಪು ತಿಂದ ವಲಯದಲ್ಲಿ ಇಳಿದಿರಲಿಲ್ಲ. ಆಮೇಲೆ ಆ ವಲಯಕ್ಕೂ ಅಯೋಡಿನ್ ಉಪ್ಪು ಕೊಟ್ಟರು, ಅಲ್ಲೂ ಇಳಿಯಿತು.

ನೀರು ಅದೇ, ಮಣ್ಣು ಅದೇ. ಬದಲಾದದ್ದು ಉಪ್ಪು ಮಾತ್ರ.

ಇದರ ಮೇಲೆಯೇ 1962ರಲ್ಲಿ ರಾಷ್ಟ್ರೀಯ ಗಳಗಂಡ ನಿಯಂತ್ರಣ ಕಾರ್ಯಕ್ರಮ ಶುರುವಾಯಿತು. 1992ರಲ್ಲಿ ಅದರ ಹೆಸರು ರಾಷ್ಟ್ರೀಯ ಅಯೋಡಿನ್ ಕೊರತೆ ನಿಯಂತ್ರಣ ಕಾರ್ಯಕ್ರಮ ಎಂದಾಯಿತು. ಹೆಸರು ಬದಲಾದದ್ದಕ್ಕೆ ಅರ್ಥವಿದೆ. ಕತ್ತಿನ ಗಡ್ಡೆಗಿಂತ ಮೆದುಳಿನ ಹಾನಿ ದೊಡ್ಡದು ಎಂದು ಅಷ್ಟರಲ್ಲಿ ತಿಳಿದಿತ್ತು. ನಮ್ಮಲ್ಲಿ ಉಪ್ಪಿಗೆ ಬೆರೆಸುವುದು ಅಯೋಡೇಟ್. ಸೆಕೆ, ತೇವ ಹೆಚ್ಚಿರುವ ದೇಶದಲ್ಲಿ ಅಯೋಡೈಡ್ ಬೇಗ ಹಾರಿಹೋಗುತ್ತದೆ, ಅಯೋಡೇಟ್ ಹೆಚ್ಚು ಕಾಲ ನಿಲ್ಲುತ್ತದೆ.

ಉಪ್ಪಿನ ಮೇಲೆ ಕಾನೂನು ಯಾಕೆ?

ಅಯೋಡಿನ್ ಇಲ್ಲದ ಉಪ್ಪನ್ನು ತಿನ್ನಲು ಮಾರಬಾರದು ಎಂಬ ನಿಯಮ ದೇಶಾದ್ಯಂತ 1998ರ ಮೇ ತಿಂಗಳಲ್ಲಿ ಬಂತು. 2000ದ ಸೆಪ್ಟೆಂಬರಿನಲ್ಲಿ ಕೇಂದ್ರ ಸರಕಾರ ಅದನ್ನು ತೆಗೆಯಿತು. 2006ರ ಮೇ ತಿಂಗಳಲ್ಲಿ ಮತ್ತೆ ಜಾರಿಗೆ ಬಂತು. ವಿಷಯ ಸುಪ್ರೀಂ ಕೋರ್ಟಿನವರೆಗೂ ಹೋಯಿತು.

ವಿರೋಧಿಸಿದವರ ಮಾತಿನಲ್ಲೂ ಅರ್ಥ ಇಲ್ಲದಿಲ್ಲ. 1930ರಲ್ಲಿ ಅಂಕೋಲೆಯಲ್ಲೂ ಪಯ್ಯನ್ನೂರಿನಲ್ಲೂ ಜನ ಉಪ್ಪು ಮಾಡಿ ಜೈಲಿಗೆ ಹೋದ ದೇಶ ಇದು. ಸಣ್ಣ ಉಪ್ಪು ತಯಾರಕರ ಹೊಟ್ಟೆಪಾಡು, ಬಡವನ ಉಪ್ಪಿನ ಬೆಲೆ, ದೊಡ್ಡ ಕಂಪೆನಿಗಳ ಲಾಭ, ತಿನ್ನುವವನ ಆಯ್ಕೆ ಇವೆಲ್ಲ ಕೇಳಬೇಕಾದ ಪ್ರಶ್ನೆಗಳೇ. ಆದರೆ ಉತ್ತರ ಏನಾಗಬೇಕು? ಸಣ್ಣವರಿಗೂ ಅಯೋಡಿನ್ ಬೆರೆಸುವ ಅನುಕೂಲ ಮಾಡಿಕೊಡುವುದು, ಪಡಿತರ ಅಂಗಡಿಯಲ್ಲಿ ಅಗ್ಗಕ್ಕೆ ಕೊಡುವುದು. ಕರ್ನಾಟಕದಲ್ಲಿ ಒಂದು ಕಾಲಕ್ಕೆ ಅನ್ನಭಾಗ್ಯದ ಅಕ್ಕಿಯ ಜೊತೆ ಅಯೋಡಿನ್ ಉಪ್ಪನ್ನೂ ಕೊಟ್ಟದ್ದು ಹಾಗೆಯೇ. ಹುಟ್ಟಲಿರುವ ಮಗುವಿಗೆ ಆಯ್ಕೆಯೇ ಇಲ್ಲ ಎಂಬುದನ್ನು ಮಾತ್ರ ಮರೆಯಬಾರದು.

2018–19ರ ಭಾರತ ಅಯೋಡಿನ್ ಸಮೀಕ್ಷೆಯಲ್ಲಿ ಒಂದು ವಿಚಿತ್ರ ಕಾಣುತ್ತದೆ. ದೇಶದ ಶೇ. 76.3ರಷ್ಟು ಮನೆಗಳಲ್ಲಿ ಸಾಕಷ್ಟು ಅಯೋಡಿನ್ ಇರುವ ಉಪ್ಪು ಇತ್ತು. ಬೆಟ್ಟಗಳ ನಾಡಾದ ಜಮ್ಮು ಕಾಶ್ಮೀರದಲ್ಲಿ ಅದು ಶೇ. 99.8. ಉದ್ದ ಕರಾವಳಿಯಿದ್ದು ಉಪ್ಪು ಬೆಳೆಯುವ ತಮಿಳುನಾಡಿನಲ್ಲಿ ಶೇ. 61.9, ದೇಶದಲ್ಲೇ ಕಡಿಮೆ. ಗಳಗಂಡವನ್ನು ಕಣ್ಣಾರೆ ಕಂಡವರು ಪಾಠ ಕಲಿತರು. ಕಡಲು ಪಕ್ಕದಲ್ಲಿದ್ದವರು, ಮನೆಯಲ್ಲಿ ಕಲ್ಲುಪ್ಪಿನ ರೂಢಿ ಇದ್ದವರು "ನಮಗೇನು" ಅಂತ ಸುಮ್ಮನಿದ್ದಾರೆ. ಪಶ್ಚಿಮ ಘಟ್ಟದ ಬೆಟ್ಟದ ಊರುಗಳಿಗೆ ಉಪ್ಪು ಏರಿ ಹೋಗುವುದು ಇದೇ ಕರಾವಳಿಯ ಕಡೆಯಿಂದ ಅನ್ನುವುದನ್ನು ನೆನಪಿಡಿ.

ಮರಗೆಣಸಿನ ಮಾತು

ಉಮ್ಮನ ಗಂಟಿನಲ್ಲಿದ್ದ ಮರಗೆಣಸಿಗೂ ಈ ಕತೆಗೂ ಸಂಬಂಧವಿದೆ. ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ತಿರುವಾಂಕೂರಿನ ರಾಜ ವಿಶಾಖಂ ತಿರುನಾಳ್ ಅಕ್ಕಿಯ ಕೊರತೆಗೆ ಪರಿಹಾರವಾಗಿ ಮರಗೆಣಸು ಬೆಳೆಯಲು ಪ್ರೋತ್ಸಾಹ ಕೊಟ್ಟರು. ಎರಡನೇ ಮಹಾಯುದ್ಧದ ಅಕ್ಕಿಬರದಲ್ಲಿ ಅದೇ ಬಡವರ ಅನ್ನವಾಯಿತು. ಕಪ್ಪ ಮತ್ತು ಮೀನಿನ ಸಾರು ಈಗಲೂ ಕೇರಳದ ಪ್ರೀತಿಯ ಊಟ.

ಮರಗೆಣಸಿನಲ್ಲಿ ಸಯನೈಡ್ ಬಿಡುವ ಅಂಶವಿದೆ. ನಮ್ಮ ದೇಹ ಆ ವಿಷವನ್ನು ಥಯೋಸಯನೇಟ್ ಆಗಿ ಮಾರ್ಪಡಿಸಿ ಹೊರಹಾಕುತ್ತದೆ. ಈ ಥಯೋಸಯನೇಟ್ ಥೈರಾಯ್ಡಿನ ಬಾಗಿಲಲ್ಲಿ ಅಯೋಡಿನ್‌ನೊಂದಿಗೆ ಪೈಪೋಟಿಗೆ ನಿಲ್ಲುತ್ತದೆ. ಊಟದಲ್ಲಿ ಅಯೋಡಿನ್ ಸಾಕಷ್ಟಿದ್ದರೆ ತೊಂದರೆಯಿಲ್ಲ. ಅಯೋಡಿನ್ ಕಡಿಮೆ, ಮರಗೆಣಸೇ ಮುಖ್ಯ ಆಹಾರ, ಅದನ್ನೂ ಸರಿಯಾಗಿ ಬೇಯಿಸಿಲ್ಲ ಅಂದರೆ ಗಳಗಂಡ ಹೆಚ್ಚುತ್ತದೆ. ಆಫ್ರಿಕಾದ ಕಾಂಗೋದಲ್ಲಿ ಇದು ಚೆನ್ನಾಗಿ ಕಂಡುಬಂದಿದೆ. ಕಡಲ ತಡಿಯಲ್ಲಿ ಕಪ್ಪದ ಪಕ್ಕದಲ್ಲಿ ಮೀನು ಇರುತ್ತದೆ. ಬೆಟ್ಟ ಏರಿದಂತೆ ಮೀನು ದೂರವಾಗುತ್ತದೆ, ಕಪ್ಪ ಮಾತ್ರ ಉಳಿಯುತ್ತದೆ.

ಹಾಗಂತ ಮರಗೆಣಸು ಬಿಡಬೇಕಿಲ್ಲ. ಸಿಪ್ಪೆ ತೆಗೆದು, ತುಂಡು ಮಾಡಿ, ಹೆಚ್ಚು ನೀರಿನಲ್ಲಿ ಮುಚ್ಚಳ ಹಾಕದೆ ಬೇಯಿಸಿ ಆ ನೀರನ್ನು ಬಸಿದರೆ ವಿಷದ ಅಂಶ ಬಹುಪಾಲು ಹೋಗುತ್ತದೆ. ಮಲಯಾಳಿ ತಾಯಂದಿರು ತಲೆಮಾರಿನಿಂದ ಮಾಡುತ್ತಾ ಬಂದಿರುವುದು ಇದನ್ನೇ. ತುಂಬದಿಂದ ಹೆಚ್ಚು ದೂರವಿಲ್ಲದ ಶ್ರೀಕಾರ್ಯಂನಲ್ಲಿ 1963ರಲ್ಲೇ ಶುರುವಾದ ಕೇಂದ್ರೀಯ ಗೆಡ್ಡೆ ಬೆಳೆಗಳ ಸಂಶೋಧನಾ ಸಂಸ್ಥೆ ಮರಗೆಣಸಿನ ಉತ್ತಮ ತಳಿಗಳ ಮೇಲೆ ಕೆಲಸ ಮಾಡುತ್ತಲೇ ಇದೆ.

"ಅಯೋಡಿನ್ ಉಪ್ಪಿನಿಂದಲೇ ಥೈರಾಯ್ಡ್ ಬಂತು" ಅನ್ನುವವರಿಗೆ

ಈಗ ಮನೆಮನೆಯಲ್ಲಿ ಥೈರಾಯ್ಡ್ ಮಾತ್ರೆ ನುಂಗುವವರಿದ್ದಾರೆ. ಉಪ್ಪಿಗೆ ಅಯೋಡಿನ್ ಬೆರೆಸಿದ್ದೇ ಕಾರಣ ಅಂತ ವಾಟ್ಸಾಪ್‌ನಲ್ಲಿ ಬರುತ್ತದೆ. ಕೊಚ್ಚಿಯ ಅಮೃತಾ ಆಸ್ಪತ್ರೆಯ ವೈದ್ಯರು ಆ ನಗರದ ದೊಡ್ಡವರನ್ನು ಪರೀಕ್ಷಿಸಿ 2009ರಲ್ಲಿ ವರದಿ ಪ್ರಕಟಿಸಿದರು. ಅಲ್ಲಿನ ಜನರಿಗೆ ಅಯೋಡಿನ್ ಸಾಕಷ್ಟು ಸಿಗುತ್ತಿತ್ತು. ಆದರೂ ಸುಮಾರು ಐವರಲ್ಲಿ ಒಬ್ಬರ ಥೈರಾಯ್ಡ್ ಕೆಲಸದಲ್ಲಿ ಏರುಪೇರಿತ್ತು. ಅವರಲ್ಲಿ ಹಲವರಲ್ಲಿ ದೇಹದ ರಕ್ಷಣಾ ವ್ಯವಸ್ಥೆಯೇ ಥೈರಾಯ್ಡಿನ ಮೇಲೆ ತಿರುಗಿಬಿದ್ದ ಲಕ್ಷಣ ಕಂಡಿತು.

ಇದರಿಂದ ತಿಳಿಯಬೇಕಾದದ್ದು ಎರಡು. ಥೈರಾಯ್ಡ್ ಕಾಯಿಲೆ ಎಲ್ಲವೂ ಅಯೋಡಿನ್ ಕೊರತೆಯಿಂದ ಬರುವುದಿಲ್ಲ. ಆದ್ದರಿಂದ ಗ್ರಂಥಿ ಕೆಟ್ಟಿದೆ ಅಂತ ಹೆಚ್ಚು ಹೆಚ್ಚು ಅಯೋಡಿನ್ ಸೇವಿಸುವುದು ಮದ್ದಲ್ಲ, ವೈದ್ಯರನ್ನೇ ಕೇಳಬೇಕು. ಇನ್ನೊಂದು, ಅಯೋಡಿನ್ ಅತಿಯಾದರೂ ಕೆಲವರಿಗೆ ತೊಂದರೆ ಆಗಬಹುದು ಎಂಬುದು ನಿಜ. ಅದಕ್ಕೇ ಉಪ್ಪಿನಲ್ಲಿ ಇಷ್ಟೇ ಇರಬೇಕೆಂಬ ಅಳತೆ ಇದೆ. ಆ ಅಳತೆಯ ಉಪ್ಪನ್ನು ಬಿಟ್ಟರೆ ದೊಡ್ಡವರ ಕಾಯಿಲೆ ವಾಸಿಯಾಗುವುದಿಲ್ಲ, ಮನೆಯ ಮಕ್ಕಳಿಗೆ ಮಾತ್ರ ನಷ್ಟ.

ಕೊರತೆ ಇದೆಯೋ ಇಲ್ಲವೋ ಹೇಗೆ ತಿಳಿಯುತ್ತಾರೆ?

ಆರೋಗ್ಯ ಕಾರ್ಯಕರ್ತರು ಶಾಲೆಗೆ ಬಂದು ಮಕ್ಕಳ ಕತ್ತು ಮುಟ್ಟಿ ನೋಡುತ್ತಾರೆ. ಥೈರಾಯ್ಡಿನ ಒಂದೊಂದು ಪಾಲು ಆ ಮಗುವಿನದೇ ಹೆಬ್ಬೆರಳಿನ ತುದಿಯ ಗೆಣ್ಣಿಗಿಂತ ದೊಡ್ಡದಿದ್ದರೆ ಗಳಗಂಡ ಎಂದು ಲೆಕ್ಕ. ಮುಟ್ಟಿದರೆ ಮಾತ್ರ ತಿಳಿಯುವುದು ಮೊದಲ ಹಂತ, ಕಣ್ಣಿಗೇ ಕಾಣುವುದು ಎರಡನೇ ಹಂತ. ಎರಡನೆಯದು ಮೂತ್ರ ಪರೀಕ್ಷೆ. ತಿಂದ ಅಯೋಡಿನ್‌ನ ಹೆಚ್ಚಿನ ಪಾಲು ಮೂತ್ರದಲ್ಲಿ ಹೋಗುವುದರಿಂದ ಒಂದು ಊರಿನ ಹಲವು ಮಕ್ಕಳ ಮೂತ್ರ ನೋಡಿ ಮಧ್ಯದ ಅಂಕ ತೆಗೆಯುತ್ತಾರೆ. ಲೀಟರಿಗೆ 100ರಿಂದ 199 ಮೈಕ್ರೋಗ್ರಾಂ ಇದ್ದರೆ ಆ ಊರಿಗೆ ಸಾಕಷ್ಟು ಸಿಗುತ್ತಿದೆ ಎಂದರ್ಥ. ಒಂದೇ ಮಗುವಿನ ಒಂದೇ ದಿನದ ಅಂಕದಿಂದ ಏನೂ ಹೇಳಲಾಗದು.

ಗಳಗಂಡ ಹಳೆಯ ಕತೆ ಹೇಳುತ್ತದೆ, ಮೂತ್ರ ಇವತ್ತಿನ ಊಟ ಹೇಳುತ್ತದೆ. ಕೇರಳದ ಕೊಟ್ಟಾಯಂ ಜಿಲ್ಲೆಯ ಶಾಲಾ ಮಕ್ಕಳನ್ನು ನೋಡಿ 2002ರಲ್ಲಿ ಪ್ರಕಟಿಸಿದ ವರದಿಯಲ್ಲಿ ಮೂತ್ರದ ಅಂಕ ಚೆನ್ನಾಗಿತ್ತು, ಆದರೂ ಕೆಲವು ಮಕ್ಕಳಲ್ಲಿ ಗಳಗಂಡ ಉಳಿದಿತ್ತು. ಊರು ಚೇತರಿಸಿಕೊಳ್ಳುತ್ತಿರುವಾಗ ಹೀಗೆ ಕಾಣುತ್ತದೆ.

ನಮ್ಮ ಅಡುಗೆಕೋಣೆಯಲ್ಲಿ

ಮಾಡಬೇಕಾದ ಕೆಲಸ ದೊಡ್ಡದೇನಲ್ಲ. ಉಪ್ಪು ಕೊಳ್ಳುವಾಗ ಪ್ಯಾಕೆಟಿನ ಮೇಲೆ ಅಯೋಡಿನ್‌ಯುಕ್ತ ಎಂದು ಬರೆದಿದೆಯೇ ನೋಡಿ, ದಿನಾಂಕ ನೋಡಿ. ಕಲ್ಲುಪ್ಪೇ ಬೇಕೆಂದರೆ ಅಯೋಡಿನ್ ಬೆರೆಸಿದ ಕಲ್ಲುಪ್ಪೂ ಸಿಗುತ್ತದೆ. ಆದರೆ ಅದರಲ್ಲಿ ಅಯೋಡಿನ್ ಹರಳಿನ ಮೈಮೇಲೆ ಸಿಂಪಡಿಸಿದ್ದು. ಮಣ್ಣು ಹೋಗಲಿ ಅಂತ ತೊಳೆದರೆ ಅಯೋಡಿನ್ ಕೂಡ ಹೋಗುತ್ತದೆ. ಮಳೆಗಾಲದಲ್ಲಿ ಬಾಯಿ ತೆರೆದ ಮರಿಗೆಯಲ್ಲಿ ಉಪ್ಪು ನೀರೊಡೆದರೆ ಆ ನೀರಿನೊಂದಿಗೆ ಅಯೋಡಿನ್ ಹರಿದುಹೋಗುತ್ತದೆ. ಒಣಗಿದ ಡಬ್ಬದಲ್ಲಿ ಮುಚ್ಚಳ ಹಾಕಿ, ಒಲೆಯಿಂದ ದೂರ ಇಡಿ. ಸಾರಿಗೆ ಉಪ್ಪನ್ನು ಇಳಿಸುವ ಹೊತ್ತಿಗೆ ಹಾಕಿದರೆ ಒಳ್ಳೆಯದು.

ಮನೆಗೆ ತಲುಪುವ ಉಪ್ಪಿನಲ್ಲಿ ಕಿಲೋಗೆ ಕನಿಷ್ಠ 15 ಮಿಲಿಗ್ರಾಂ ಅಯೋಡಿನ್ ಇರಬೇಕೆಂಬುದು ನಮ್ಮ ದೇಶದ ನಿಯಮ. ಅಂದರೆ ಹತ್ತು ಗ್ರಾಮಿಗೆ 150 ಮೈಕ್ರೋಗ್ರಾಂ. ಇದನ್ನು ಓದಿ ಉಪ್ಪು ಹೆಚ್ಚು ತಿನ್ನಬೇಡಿ. ರಕ್ತದೊತ್ತಡದ ದೃಷ್ಟಿಯಿಂದ ಉಪ್ಪು ಕಡಿಮೆಯೇ ಇರಲಿ, ತಿನ್ನುವ ಉಪ್ಪು ಅಯೋಡಿನ್ ಇರುವುದಾಗಿರಲಿ. ಮೀನು, ಮೊಟ್ಟೆ, ಹಾಲು ಜೊತೆಗಿರಲಿ. ಬಸುರಿಯರಿಗೆ ಹೆಚ್ಚು ಬೇಕಾದ್ದರಿಂದ ವೈದ್ಯರ ಬಳಿ ಈ ವಿಷಯ ಕೇಳಿ. ಗಳಗಂಡ ಇರುವ ಜಿಲ್ಲೆಗಳಲ್ಲಿ ಆಶಾ ಕಾರ್ಯಕರ್ತೆಯರ ಬಳಿ ಉಪ್ಪು ಪರೀಕ್ಷಿಸುವ ಪುಟ್ಟ ಬಾಟಲಿ ಇರುತ್ತದೆ. ಒಂದು ಹನಿ ಬಿದ್ದಾಗ ಉಪ್ಪು ನೀಲಿಯಾದರೆ ಅಯೋಡಿನ್ ಇದೆ. ಶಾಲೆಯ ಬಿಸಿಯೂಟದ ಉಪ್ಪನ್ನೂ ಒಮ್ಮೆ ತೋರಿಸಿ. ವಿದ್ಯಾರ್ಥಿಗಳು ಇದನ್ನು ಒಂದು ವಿಜ್ಞಾನ ಚಟುವಟಿಕೆಯಾಗಿ ಮಾಡಿದರೆ ಇಡೀ ಊರಿಗೆ ಉಪಕಾರ.

ಆ ದಿನ ಬೆಳಿಗ್ಗೆ ಉಮ್ಮನಿಗೆ ನಾನು ಇಷ್ಟೆಲ್ಲ ಹೇಳಲಿಲ್ಲ. 35 ಗ್ರಾಂ ಉಪ್ಪು, 60 ಮೈಕ್ರೋಗ್ರಾಂ ಅಯೋಡಿನ್ ಎಂಬ ಲೆಕ್ಕವನ್ನೂ, ಮಗು ಹೊಟ್ಟೆಯಲ್ಲಿರುವಾಗ ತಾಯಿಯ ಹಾರ್ಮೋನೇ ಗತಿ ಎಂಬುದನ್ನೂ ಮಾತ್ರ ಹೇಳಿದೆ. ಉಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದರು. "ಮೊದಲನೇದು ಹೊಟ್ಟೆಯಲ್ಲಿದ್ದಾಗಲೂ ನಾನು ಇದನ್ನೇ ಕಳಿಸಿದ್ದೆನಲ್ಲ ಮೋನೇ" ಅಂದರು. ನನಗೆ ಏನು ಹೇಳಬೇಕೆಂದು ತೋಚಲಿಲ್ಲ. "ಅವನು ಚೆನ್ನಾಗಿದ್ದಾನಲ್ಲ ಉಮ್ಮ, ಮೀನೂ ಕಳಿಸಿದ್ದೀರಲ್ಲ" ಅಂದೆ. ಅವರು ಕಲ್ಲುಪ್ಪಿನ ಚೀಲವನ್ನು ಗಂಟಿನಿಂದ ಹೊರಗೆ ತೆಗೆದು, ಮಗನನ್ನು ಅಂಗಡಿಗೆ ಓಡಿಸಿದರು.

ಉಪ್ಪಿಗಿಂತ ರುಚಿಯಿಲ್ಲ, ತಾಯಿಗಿಂತ ಬಂಧುವಿಲ್ಲ ಅನ್ನುತ್ತೇವೆ. ತಾಯಿಯ ಪ್ರೀತಿಯಲ್ಲಿ ಕೊರತೆ ಇರಲಿಲ್ಲ, ಕೊರತೆ ಇದ್ದದ್ದು ಮಾಹಿತಿಯಲ್ಲಿ. ಆ ಮಾಹಿತಿಯನ್ನು ಪಕ್ಕದ ಮನೆಗೆ, ಘಟ್ಟದ ಮೇಲಿನ ನೆಂಟರಿಗೆ ತಲುಪಿಸುವುದು ಓದುಬರಹ ಬಲ್ಲ ನಮ್ಮ ಕೆಲಸ.